ಬೇರಿಲ್ಲದ ಹೂಮಾಲೆ

ಹುದಿಕೇರಿ ಕಡೆಯ ಆ ಕಾಫಿ ಎಸ್ಟೇಟಿನ ಕೂಲಿಯವರ ಲೈನಿನಲ್ಲಿ ದೊಡ್ಡಿಯಷ್ಟು ಬೆಟ್ಟ ಬಲ್ಲವರು ಯಾರೂ ಇರಲಿಲ್ಲ. ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ, ದೊಡ್ಡಿಯೇ ದಿನಕ್ಕೆರಡು ಸಲ ಹೇಳುತ್ತಿದ್ದಳು. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ತನ್ನದು ಅಂತ ಅವಳಿಗಿದ್ದದ್ದು ಆ ಬಲ್ಲತನವೊಂದೇ.

ಆ ವರ್ಷ ಕೈಲುಮುಹೂರ್ತದ ಹಬ್ಬ ಕಳೆದು ಮಳೆ ತೆಳುವಾದಾಗ ಅವಳು ಬೆಟ್ಟದ ಬಿಳಿ ಹೂವೊಂದನ್ನು ಮುಡಿದು ಕೆಲಸಕ್ಕೆ ಬಂದಳು. ಎಸ್ಟೇಟಿನ ದೊರೆಯ ಹೆಂಡತಿಗೆ ಗಿಡಗಳ ಹುಚ್ಚು. ಕಂಡದ್ದನ್ನೆಲ್ಲ ಬಣ್ಣದಲ್ಲಿ ಬರೆದು, ಹೆಸರು ಪತ್ತೆಮಾಡಿ ಪುಸ್ತಕಕ್ಕೆ ಸೇರಿಸುವವಳು. ದೊಡ್ಡಿಯ ತುರುಬು ಕಂಡು ನಿಂತೇಬಿಟ್ಟಳು. ಐದು ಎಸಳು, ಅಂಚೆಲ್ಲ ಹಳೆ ಸೆರಗಿನ ಹಾಗೆ ಎಳೆ ಎಳೆ.

"ನಮ್ಮೂರ ಹಿಮದ ಬೆಟ್ಟದಲ್ಲಿ ಇಂಥದೇ ಹೂವಿದೆ. ಇದು ಅದೇನಾ, ಅದರ ತಂಗಿಯಾ, ನೋಡಬೇಕು. ಇನ್ನೂ ತರುವೆಯಾ?" ಎಂದಳು ದೊರೆಸಾನಿ.

ಅವತ್ತಿನಿಂದ ದೊಡ್ಡಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರ ಬ್ರಹ್ಮಗಿರಿಯ ನೆತ್ತಿ ಹತ್ತಿ, ಜಿಗಣೆಗಳಿಗೆ ರಕ್ತ ಕೊಟ್ಟು, ಹೂಗಳನ್ನಷ್ಟೇ ಚಿವುಟಿ ತಂದು, ಬಾಳೆನಾರಿನಲ್ಲಿ ಚೆಂದದ ಮಾಲೆ ಕಟ್ಟಿ ಬಂಗಲೆಗೆ ಒಯ್ದಳು. ಹೂವೆಂದರೆ ಮುಡಿಯಲಿಕ್ಕೆ, ಇಲ್ಲವೇ ದೇವರಿಗೆ. ಮೂರನೆಯ ಉಪಯೋಗ ಅವಳಿಗೆ ಗೊತ್ತಿರಲಿಲ್ಲ. ದೊರೆಸಾನಿ ಮಾಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಎಲೆ ಎಲ್ಲಿ? ಬೇರು? ಬಂಡೆಯಲ್ಲಿತ್ತಾ, ಜೌಗಿನಲ್ಲಾ? ಅದಿಲ್ಲದೆ ಗುರುತು ಹಿಡಿಯುವುದು ಹೇಗೆ?" ಎಂದಳು. ದೊಡ್ಡಿ ಸಪ್ಪೆ ಮೋರೆ ಹಾಕಿಕೊಂಡು ಬಂದಳು.

ದೊಡ್ಡಿಯ ಬಾಯಿಂದಲೇ ಇದನ್ನೆಲ್ಲ ಕೇಳಿದ್ದ ಪಕ್ಕದ ಮನೆಯ ಸೋಮಿ ಮುಂದಿನ ಭಾನುವಾರ ಬೆಟ್ಟ ಹತ್ತಿದಳು. ಹಿಂದೆ ತಪ್ಪಿಸಿಕೊಂಡ ಎಮ್ಮೆ ಹುಡುಕುವಾಗ ಅವಳಿಗೆ ಆ ಜಾಗ ತೋರಿಸಿದವಳೇ ದೊಡ್ಡಿ. ಸೋಮಿ ಬೇರು, ಪಾಚಿ, ಕಪ್ಪುಮಣ್ಣು ಸಮೇತ ಒಂದು ಗಿಡವನ್ನು ಕೆಸುವಿನೆಲೆಯಲ್ಲಿ ಸುತ್ತಿ ತಂದಳು. ದಂಟನ್ನು ತಬ್ಬಿಕೊಂಡಂತಿದ್ದ ಎಲೆ ಕಂಡು ದೊರೆಸಾನಿ ಚಪ್ಪಾಳೆ ತಟ್ಟಿದಳಂತೆ. ಸೋಮಿಯನ್ನು ಕುರ್ಚಿಯಲ್ಲಿ ಕೂರಿಸಿ ಟೀ ಕೊಟ್ಟಳಂತೆ. ಕುರ್ಚಿಯಲ್ಲಿ! ಬುಧವಾರ ದೊರೆಸಾನಿಯೇ ಬೆಟ್ಟಕ್ಕೆ ಹೋಗಿ ಜಾಗ ನೋಡುತ್ತಾಳಂತೆ.

ದೊಡ್ಡಿ ಗಂಜಿಯ ತಟ್ಟೆಯನ್ನು ಅತ್ತ ತಳ್ಳಿದಳು. ಬೆಟ್ಟ ತನ್ನದು, ಹೂವು ತನ್ನದು, ಟೀ ಮಾತ್ರ ಅವಳಿಗೆ! ಮಂಗಳವಾರ ಮೈ ಸರಿಯಿಲ್ಲವೆಂದು ಹಾಜರಿ ಬರೆಯುವ ರೈಟರಿಗೆ ಸುಳ್ಳು ಹೇಳಿ ಒಬ್ಬಳೇ ಹೋದಳು. ಬಂಡೆಯಡಿ ನೀರು ಜಿನುಗುವ, ಒಂದು ಚಾಪೆಯಗಲದ ಜಾಗ. ಬೇರೆಲ್ಲೂ ಆ ಗಿಡವಿರಲಿಲ್ಲ. ಒಂದೂ ಬಿಡದೆ ಕಿತ್ತು ಕಣಿವೆಗೆ ಎಸೆದಳು. ನಾಳೆ ಸೋಮಿ ಏನು ತೋರಿಸುತ್ತಾಳೋ ನೋಡೋಣ ಎಂದುಕೊಂಡಾಗ ಹೊಟ್ಟೆ ತಣ್ಣಗಾಯಿತು.

ಬುಧವಾರ ಬೆಳಿಗ್ಗೆ ದೊರೆಸಾನಿ ಊರುಗೋಲು ಹಿಡಿದು ದೊಡ್ಡಿಯ ಬಾಗಿಲಲ್ಲೇ ನಿಂತಿದ್ದಳು. ಜೊತೆಗೆ ಸೋಮಿ.

"ಏಳಕ್ಕ, ಹೊರಡು. ಜಾಗ ದೊಡ್ಡಕ್ಕಂದು, ನಂಗೆ ತೋರ್ಸಿದ್ದೇ ಅವ್ಳು, ಅವ್ಳೇ ಮುಂದೆ ನಡೀಬೇಕು ಅಂತ ಅವತ್ತೇ ಅಮ್ಮಂಗೆ ಹೇಳಿದೀನಿ," ಎಂದಳು ಸೋಮಿ.

ದೊಡ್ಡಿ ಸೆರಗು ಸಿಕ್ಕಿಸಿಕೊಂಡು ಹೊರಟಳು. ಇಡೀ ಬೆಟ್ಟ ಅವಳೇ ಮುಂದು.

ಬಂಡೆಯಡಿ ಬರೀ ಗುಳಿಗಳಲ್ಲಿ ನೀರು ನಿಂತಿತ್ತು. ದೊರೆಸಾನಿ ಕೆಸರಿನಲ್ಲೇ ಮಂಡಿಯೂರಿ ಕೈಯಾಡಿಸಿದಳು. ಸೋಮಿ ದೊಡ್ಡಿಯ ಉಗುರುಗಳನ್ನು ನೋಡಿದಳು. ಸಂದಿಗಳಲ್ಲಿ ಇನ್ನೂ ಕಪ್ಪುಮಣ್ಣಿತ್ತು.

"ಹಂದಿ ಬಗ್ದಿರ್ಬೇಕಮ್ಮ," ಎಂದಳು ಸೋಮಿ ಮೆಲ್ಲಗೆ.

ಬೇರೆ ಯಾರಾದರೂ ಆಗಿದ್ದರೆ ಬದುಕಿದೆ ಅನ್ನುತ್ತಿದ್ದರು. ದೊಡ್ಡಿಗೆ ಮತ್ತೆ ಹೊಟ್ಟೆ ಉರಿಯಿತು. ಕುರ್ಚಿಯೂ ಅವಳಿಗೆ, ಟೀಯೂ ಅವಳಿಗೆ, ಈಗ ಒಳ್ಳೆಯತನವೂ ಅವಳಿಗೇ ಹೋಗಬೇಕೆ?

"ಹಂದಿ ಅಲ್ಲ! ನಾನೇ ಕಿತ್ತಿದ್ದು," ಎಂದು ಕೂಗಿದಳು. ದೊರೆಸಾನಿ ಕೈಯ ಕೆಸರು ಕೊಡವಿ, ಊರುಗೋಲು ಹಿಡಿದು ಒಬ್ಬಳೇ ಬೆಟ್ಟ ಇಳಿದುಹೋದಳು.

ಆಮೇಲೆ ಬದುಕಿದಷ್ಟು ಕಾಲ ದೊಡ್ಡಿ ವರ್ಷಾ ವರ್ಷ ಕೈಲುಮುಹೂರ್ತ ಕಳೆಯುತ್ತಲೇ ಆ ಬಂಡೆಗೆ ಹೋಗಿ, ಹೂವಿಲ್ಲದ ಬರಿ ತುರುಬಿನಲ್ಲಿ ಇಳಿದು ಬರುತ್ತಿದ್ದಳು. ಗಿಡ ಮತ್ತೆ ಬಂತಾ ಎಂದು ಕೇಳುತ್ತಿದ್ದವಳು ಸೋಮಿ ಒಬ್ಬಳೇ. ಬಂತೆಂದಾಗಲಿ ಇಲ್ಲವೆಂದಾಗಲಿ ದೊಡ್ಡಿ ಅವಳಿಗೆ ಕೊನೆಗೂ ಹೇಳಲಿಲ್ಲ.