ಪುಸ್ತಕದೊಳಗೆ ಸೇರಿಕೊಂಡ ನನ್ನ ಕೂಗು

ನನ್ನ ಗಂಡ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದರು. ಅಂಗಡಿಯ ಸಂಪಾದನೆ ಸಾಲದೆ, ಆ ಕೆಲಸ ಕಲಿಸುವ ಇ-ಪುಸ್ತಕ ಮಾಡಿ ಮಾರಲು ಹೊರಟರು. ಕೂತು ಬರೆಯುವುದು ಅವರಿಂದ ಆಗದು. ಮೊಬೈಲಿನ ಮುಂದೆ ಮಾತಾಡುತ್ತಿದ್ದರು, ಅದೇ ಬರೆದುಕೊಳ್ಳುತ್ತಿತ್ತು.

ಆ ದಿನವೂ ಹಾಗೇ ಕೂತಿದ್ದರು. "ಎಣ್ಣೆ ಬಿಟ್ಟ ಮೇಲೆ ಮೊದಲು ಚಿಂದಿ ಬಟ್ಟೆ ಹೊಲಿಯಿರಿ, ಕಲೆಯೆಲ್ಲ ಅದಕ್ಕೇ ಹೋಗಲಿ" ಎನ್ನುವಾಗ ನಾನು ಒಳಗಿನಿಂದ ಕೂಗಿದೆ: "ಏನ್ರೀ, ಊಟ ಆರಿಹೋಯ್ತು! ಆ ಮೆಷಿನ್ನನ್ನೇ ಕಟ್ಕೋಬೇಕಿತ್ತು ನೀವು!"

ಮೊಬೈಲು ಅದನ್ನೂ ಬರೆದುಕೊಂಡಿತು. ಅವರು ಹೊಟ್ಟೆ ಹಿಡಿದು ನಕ್ಕರು. "ಇರ್ಲಿ ಬಿಡೇ, ನಾಳೆ ಅಳಿಸ್ತೀನಿ" ಎಂದರು.

ಮಾರನೆಯ ದಿನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಮತ್ತೆ ಏಳಲಿಲ್ಲ.

ಪುಸ್ತಕವನ್ನು ಮಾರಾಟಕ್ಕೆ ಹಾಕಿಕೊಡಲು ಮೈದುನ ಬಂದ. ಓದುತ್ತಾ ಓದುತ್ತಾ ಆ ಸಾಲಿಗೆ ಬಂದು ನಿಂತ.

"ಅತ್ತಿಗೆ, ಇದನ್ನ ತೆಗೀತೀನಿ. ದುಡ್ಡು ಕೊಟ್ಟು ತಗೊಂಡೋರು ನಗ್ತಾರೆ."

"ನಗ್ಲಿ. ನಿಮ್ಮಣ್ಣನೂ ನಕ್ಕಿದ್ರು."

"ಅಣ್ಣ ಇದ್ದಿದ್ರೆ ಅವನೇ ಅಳಿಸ್ತಿದ್ದ."

"ಹಾಗಾದ್ರೆ ಅವರೇ ಬಂದು ಅಳಿಸ್ಲಿ. ನೀನು ಮುಟ್ಟಬೇಡ. ಅದನ್ನ ತೆಗೆದ್ರೆ ಪುಸ್ತಕ ಮಾರೋದೇ ಬೇಡ."

ಅವನು ಇದ್ದದ್ದನ್ನು ಇದ್ದ ಹಾಗೇ ಹಾಕಿದ. ಪುಸ್ತಕ ಮಾರಾಟವಾಗುತ್ತಿದೆ. ಓದಿದವರೊಬ್ಬರು, "ಆಮೇಲೆ ಊಟ ಮಾಡಿದ್ರಾ?" ಎಂದು ಕೇಳಿ ಬರೆದಿದ್ದರು. "ಮಾಡಿದ್ರು, ತಟ್ಟೆ ಖಾಲಿ ಮಾಡಿ ಎದ್ರು" ಎಂದು ಮೈದುನನ ಕೈಯಲ್ಲೇ ಉತ್ತರ ಬರೆಸಿದೆ.

ಈಗಲೂ ಬೆಳಿಗ್ಗೆ ಎದ್ದವಳೇ ಅವರ ಮೆಷಿನ್ನಿಗೆ ಎಣ್ಣೆ ಬಿಡುತ್ತೇನೆ. ಆಮೇಲೆ ಒಂದು ಚಿಂದಿ ಬಟ್ಟೆ ಹೊಲಿಯುತ್ತೇನೆ.