ಗದ್ದೆಯ ಮೇಲಿನ ದಾರಿ

ನೀರಿನ ಮೇಲೆ ಹೋಗಲು ದಾರಿ ಹುಡುಕುತ್ತಾ ನಾನೂ ನಮ್ಮಪ್ಪನೂ ನಾಲ್ಕು ಭಾನುವಾರ ಜಗಳವಾಡಿದೆವು. ನಾನು ಆಗ ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಅಪ್ಪ ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಲ್ಲಿ ಭತ್ತ, ತೆಂಗು ಬೆಳೆಯುತ್ತಿದ್ದ. ಇಬ್ಬರಿಗೂ ಈಜು ಬರುತ್ತಿರಲಿಲ್ಲ. ಆದರೂ ತೆಪ್ಪದ ದಾರಿ ಗೊತ್ತುಮಾಡುವುದರಲ್ಲಿ ನಮ್ಮನ್ನು ಬಿಟ್ಟರಿಲ್ಲ ಎನ್ನುವ ಜಂಬ ಇಬ್ಬರಿಗೂ ಇತ್ತು.

ಹೋಗಬೇಕಾಗಿದ್ದದ್ದು ಬೇಲೂರಿನಾಚೆ ಕಾಡುಗುಡ್ಡಗಳ ಸಂದಿಯಲ್ಲಿದ್ದ ಒಂದು ಹಳೇ ಕೆರೆಗೆ. ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಮದುವೆಯಾಗಿ ಹೋಗಿ ಬಾಳಿದ ಊರು ಆ ಕೆರೆಯ ಕೆಳಗೇ ಇತ್ತು. ಯಗಚಿ ಅಣೆಕಟ್ಟೆಯ ಹಿನ್ನೀರು ಬಂದಾಗ ಊರು, ಗದ್ದೆ, ಗಾಡಿದಾರಿ ಎಲ್ಲ ಮುಳುಗಿದವು. ಎತ್ತರದಲ್ಲಿದ್ದ ಕೆರೆ ಮಾತ್ರ ಉಳಿಯಿತು. ಗಂಡ ತೀರಿಕೊಂಡು ಒಬ್ಬಳೇ ಇದ್ದ ಅತ್ತೆ ಒಂದು ಟ್ರಂಕು, ಎರಡು ಹಸು ಸಮೇತ ನಮ್ಮ ಮನೆಗೆ ಬಂದಳು. ಬಂದವಳು ಒಂದು ದಿನವೂ ಅತ್ತಿದ್ದನ್ನು ನಾನು ಕಾಣೆ.

ಆ ವರ್ಷ ಅವಳ ಕಣ್ಣು ಮಂಜಾಗತೊಡಗಿತು. ಹಾಸನದ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನ ನರ ಬತ್ತುತ್ತಿದೆ, ಸಂಕ್ರಾಂತಿ ಹೊತ್ತಿಗೆ ಪೂರ್ತಿ ಕತ್ತಲಾಗಬಹುದು ಎಂದರು. ಆಗಲೇ ಅವಳಿಗೆ ಎದುರಿಗಿದ್ದಷ್ಟೇ ಕಾಣುತ್ತಿತ್ತು, ಕೊಳವೆಯೊಳಗಿಂದ ನೋಡಿದ ಹಾಗೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅತ್ತೆ ಕೇಳಿದ್ದು ಒಂದೇ.

"ಆ ಕೆರೆ ಒಂದ್ಸಲ ನೋಡ್ಬೇಕು ಕಣ್ಲಾ. ಆಮೇಲೆ ಏನಾರ ಆಗ್ಲಿ."

ಅಪ್ಪ ಹೂಂ ಅಂದುಬಿಟ್ಟ. ಹೂಂ ಅನ್ನುವುದಕ್ಕೇನು! ಕಾಫಿ ತೋಟಗಳನ್ನು ಬಳಸಿಕೊಂಡು ಹೋಗೋಣವೆಂದರೆ ಕೊನೆಯ ಮೂರು ಮೈಲಿ ನಡೆಯಬೇಕು. ಅಲ್ಲಿ ಆನೆ ಕಾಟ, ಇಲ್ಲಿ ಅತ್ತೆಯ ಮಂಡಿ ನೋವು. ಉಳಿದದ್ದು ನೀರು. ಹಿನ್ನೀರಿನಲ್ಲಿ ಮೀನು ಹಿಡಿಯುವವನೊಬ್ಬ ತನ್ನ ಬುಟ್ಟಿಯಂಥ ತೆಪ್ಪದಲ್ಲಿ ಕರೆದುಕೊಂಡು ಹೋಗಲು ಒಪ್ಪಿದ. ಆದರೆ ಆ ಮೂಲೆಗೆ ಅವನೂ ಹೋಗಿರಲಿಲ್ಲ. "ಕೆಳಗೆ ಏನೇನೈತೆ ಅಂತ ಊರೋರೇ ಹೇಳ್ಬೇಕು, ದಾರಿ ನೀವೇ ಮಾಡ್ಕೊಂಡು ಬನ್ನಿ" ಅಂದ.

ನಾನು ಆ ಊರಿನ ಹಳೇ ಗ್ರಾಮನಕ್ಷೆಯ ಪ್ರತಿ ಸಂಪಾದಿಸಿ ತಂದೆ. ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ಅದನ್ನು ಹಾಸಿ, ಮೂಲೆಗಳ ಮೇಲೆ ತೆಂಗಿನಕಾಯಿ ಇಟ್ಟು ಕೂರುತ್ತಿದ್ದೆವು. ಅತ್ತೆಗೆ ನಕ್ಷೆ ಓದಲು ಬಾರದು, ಗೆರೆಗಳು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಗೋಡೆಗೊರಗಿ ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋಗುವಳು: ಇಲ್ಲಿ ಕಣ, ಇಲ್ಲಿ ಸೇದೋ ಬಾವಿ, ಬಾವಿಯಿಂದ ನೂರು ಹೆಜ್ಜೆಗೆ ತೂಬು. ಅವಳು ಹೇಳಿದ್ದು ನಕ್ಷೆಗೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ನನ್ನ ಭೂಗೋಳದ ಪದವಿಯನ್ನು ಒಲೆಗೆ ಹಾಕಬೇಕು ಅನ್ನಿಸುತ್ತಿತ್ತು.

ಜಗಳವಾಗುತ್ತಿದ್ದದ್ದು ಗೆರೆ ಎಳೆಯುವಾಗ. ನಾನು ಸ್ಕೇಲಿಟ್ಟು ನೇರ ಎಳೆದರೆ ಅಪ್ಪ ಅಳಿಸಿಬಿಡುವನು. ಅವನ ಗೆರೆ ಗಾಡಿದಾರಿ ಹಿಡಿದು ಹೋಗಿ, ಹಳ್ಳ ಬಳಸಿ, ಬದುವಿನ ಮೇಲೆ ಬಾಗಿ ಬಾಗಿ ಸಾಗುತ್ತಿತ್ತು.

"ಅಪ್ಪಾ, ಮೂವತ್ತಡಿ ನೀರೈತೆ ಅದರ ಮೇಲೆ! ನೇರ ಹೋದ್ರೆ ಏನ್ ಗಂಟು ಹೋಗ್ತದೆ?"

"ದಾರಿ ಇರೋವಾಗ ಇನ್ನೊಬ್ಬರ ಗದ್ದೆ ತುಳಿಯೋದೇನೇ? ಯಾವ ಸೀಮೆ ಮೇಷ್ಟ್ರು ನೀನು!"

ನನಗೆ ಮೂಗಿನ ತುದಿಯಲ್ಲೇ ಕೋಪ. ಪೆನ್ಸಿಲ್ ಎಸೆದು ಎದ್ದು ಹೋಗುತ್ತಿದ್ದೆ, ಕಾಫಿ ಹೊತ್ತಿಗೆ ತಿರುಗಿ ಬಂದು ಕೂರುತ್ತಿದ್ದೆ. ಕೊನೆಗೆ ಅಪ್ಪನ ಮಾತೇ ಗೆದ್ದಿತು. ಗಾಡಿದಾರಿಯ ಗೆರೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿದೆವು.

ದೀಪಾವಳಿ ಕಳೆದು ಗಾಳಿ ತಗ್ಗಿದ ಮೇಲೆ ಒಂದು ಬೆಳಿಗ್ಗೆ ಹೊರಟೆವು. ದಡದಲ್ಲಿ ತೆಪ್ಪದವನು ನಮ್ಮ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಯಜಮಾನ್ರೆ, ಇದು ಎತ್ತಿನಗಾಡಿಗೆ ಹಾಕಿದ್ ದಾರಿ! ರಸ್ತೆ ಎರಡೂ ಕಡೆ ಸಾಲುಮರ ಇದ್ವಾ?"

"ಇದ್ವು. ದೊಡ್ಡ ದೊಡ್ಡ ಆಲದ ಮರ. ತಲೆ ಮೇಲೆ ಕೊಂಬೆ ಕೊಂಬೆ ಕೂಡ್ಕೊಂಡಿದ್ವು," ಎಂದಳು ಅತ್ತೆ.

"ಕಡ್ದಿದ್ರಾ?"

ಕಡಿದಿರಲಿಲ್ಲ. ಮರಗಳು ಅಲ್ಲೇ ನೀರೊಳಗೆ ನಿಂತಿದ್ದವು. ಒಣಗಿದ ಕೊಂಬೆಯೊಂದು ಕೆಳಗಿಂದ ಚುಚ್ಚಿದರೂ ಸಾಕು, ಬಿದಿರಿನ ತೆಪ್ಪಕ್ಕೆ ಹೊದಿಸಿದ ಟಾರಿನ ಹಾಳೆ ಹರಿದು ನಾವು ಮೂವರೂ ಗಂಗೆ ಪಾಲು. ಮರಗಳಿಲ್ಲದ ಬಯಲೆಂದರೆ ಗದ್ದೆ ಒಂದೇ. ಬೇಸಾಯದವರು ಕನಸಿನಲ್ಲೂ ದಾರಿಯೆಂದು ತುಳಿಯದ ಜಾಗವೇ ತೆಪ್ಪಕ್ಕೆ ಹೆದ್ದಾರಿ. ನನ್ನ ಸ್ಕೇಲಿನ ಗೆರೆ ಸರಿಯಿತ್ತು ಎಂದು ಬೀಗಲು ಹೊರಟವಳು ಅಪ್ಪನ ಮುಖ ನೋಡಿ, ಅತ್ತೆಯ ಕೈ ಹಿಡಿದು ತೆಪ್ಪಕ್ಕೆ ಹತ್ತಿಸಿದೆ.

ನಡುನೀರಿಗೆ ಬಂದೆವು. ಸುತ್ತಲೂ ಅಷ್ಟೊಂದು ನೀರು, ಅಷ್ಟೊಂದು ಆಕಾಶ. ಹುಟ್ಟು ನೀರಿಗೆ ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ. ಆಚೆ ದಡ ಹತ್ತಿರವಾಗುತ್ತಾ ನೀರು ತಿಳಿಯಾಯಿತು. ಬಗ್ಗಿ ನೋಡಿದೆ. ಅಬ್ಬಾ! ಕೆಳಗೆ ಗದ್ದೆಯ ಬದುಗಳು ಒಂದೊಂದಾಗಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದ್ದವು. ಬಾವಿಯ ಕಲ್ಲಿನ ಕಟ್ಟೆಯೊಳಗೆ ಮೀನಿನ ಹಿಂಡು ಇಳಿಯುತ್ತಿತ್ತು. ನೀರೊಳಗೊಂದು ಬಾವಿ! ಮಕ್ಕಳಿಗೆ ಸಮುದ್ರ, ಪರ್ವತ ಎಂದು ವರ್ಷಗಟ್ಟಲೆ ಒದರಿದವಳು ಇಂಥದ್ದನ್ನು ಯಾವ ಪಾಠದಲ್ಲೂ ಹೇಳಿರಲಿಲ್ಲ. ಭಯವೋ ಭಕ್ತಿಯೋ, ಕೈ ತಾನಾಗಿ ಮುಗಿದುಕೊಂಡಿತ್ತು.

"ಬಾವಿ ಬಂತೇನೇ?" ಎಂದಳು ಅತ್ತೆ.

"ಹೂಂ ಅತ್ತೆ."

"ಇಲ್ಲಿಂದಾಚೆ ನಮ್ ಗದ್ದೆ," ಎಂದು ಅವಳು ಕಾಲಿನ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಳು. ಅಪ್ಪನೂ ಬಿಚ್ಚಿದ. ನಾನೂ ಬಿಚ್ಚಿದೆ. ತೆಪ್ಪದವನು ಹುಟ್ಟು ಎತ್ತಿ ಹಿಡಿದು, ನಾವು ಆ ಗದ್ದೆಯನ್ನು ದಾಟುವವರೆಗೂ ತೆಪ್ಪವನ್ನು ಅದರ ಪಾಡಿಗೆ ತೇಲಲು ಬಿಟ್ಟ.

ದಡ ಸೇರಿದ ಮೇಲೆ ಅವನು ತೆಪ್ಪವನ್ನು ತಲೆಯ ಮೇಲೆ ಬೋರಲು ಹೊತ್ತು ಏರಿ ಹತ್ತಿದ. ನಾವು ಅತ್ತೆಯನ್ನು ಎರಡೂ ಕಡೆ ಹಿಡಿದು ಹತ್ತಿಸಿದೆವು. ಏರಿಯ ಮೇಲೆ ನಿಂತರೆ ಕೆರೆ. ಮೂರು ಕಡೆ ಕಾಡು, ನಡುವೆ ಅಲುಗದ ಕಪ್ಪು ನೀರು, ದಡದ ಕೆಸರಿನಲ್ಲಿ ತಟ್ಟೆಯಗಲದ ಆನೆಯ ಹೆಜ್ಜೆಗಳು. ತೆಪ್ಪವನ್ನು ಕೆರೆಗಿಳಿಸಿ ನಡುವಿನವರೆಗೂ ಹೋದೆವು. ನೂರಾರು ಹಕ್ಕಿ ಒಮ್ಮೆಲೇ ಎದ್ದು ಆಕಾಶ ಮುಚ್ಚಿದವು. ಹಾಗೆ ಎದ್ದ ರೆಕ್ಕೆಗಳ ಗಾಳಿ ನನ್ನ ಮುಖಕ್ಕೆ ತಾಗಿತು. ಇಂಥದ್ದೊಂದು ಜಾಗ ನಮ್ಮ ತಾಲ್ಲೂಕಿನಲ್ಲೇ ಇದೆಯಲ್ಲ, ಶಿವನೇ ಎಂದುಕೊಂಡೆ.

ಅತ್ತೆ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಕತ್ತು ತಿರುಗಿಸಿ ಚೂರುಚೂರಾಗಿ ನೋಡಿದಳು. ಒಂದು ಸುತ್ತು ಮುಗಿಸಿ, "ಸಾಕು" ಅಂದಳು.

ನನಗೆ ಉರಿದುಹೋಯಿತು. "ಸಾಕೇ? ಇಷ್ಟಕ್ಕೇನಾ ನಾಲ್ಕು ಭಾನುವಾರ ತಲೆ ಕೆಡಿಸ್ಕೊಂಡಿದ್ದು? ಕಣ್ತುಂಬ ನೋಡು!"

"ನೋಡ್ದೆ ಕಣೇ. ಇದ್ದಂಗೇ ಐತೆ. ಇನ್ನು ಕಣ್ಣು ಹೋದ್ರೂ ಇದು ನಂಗೆ ಕಾಣ್ತೈತೆ." ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ನಿನ್ ಮುಖವೇ ಸರಿಯಾಗಿ ನೋಡಿಲ್ಲ. ನನ್ ತಲೇಲಿರೋದು ನೀನು ಲಂಗ ಹಾಕ್ಕೊಂಡಿದ್ದಾಗಿನ ಮುಖ. ಅಲ್ಲಾಡ್ಬೇಡ."

ಹಣೆ, ಹುಬ್ಬು, ಮೂಗು, ಬಾಯಿ ಎಂದು ಕೆರೆ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ತಮ್ಮನನ್ನು ಕರೆದಳು. "ನೀನೂ ಬಾರ್ಲಾ."

ಅಪ್ಪ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಅವಳೆದುರು ಕೂತ. ಕೂತವನ ತುಟಿ ಅದುರತೊಡಗಿತು.

"ಅಳ್ಬೇಡ ಕಣ್ಲಾ," ಎಂದು ಅತ್ತೆ ಗದರಿದಳು. "ಅತ್ರೆ ಮುಖ ಸೊಟ್ಟ ಆಗ್ತೈತೆ. ನಾನು ಇದನ್ನೇ ಇಟ್ಕೋಬೇಕು."

ಅಪ್ಪ ಅಳು ನುಂಗಿಕೊಂಡು, ಫೋಟೋಗೆ ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತ.