ಜೆ ಮತ್ತು ಎಕ್ಸ್ ಇರುವ ಆರಕ್ಷರದ ಪದ

ಮಾದಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲದಲ್ಲಿ ಅಲ್ಲಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ನಾನು ಇಂಜಿನಿಯರ್ ಅಲ್ಲ, ರಾಯಚೂರಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ಕೈಪಿಡಿ ಬರೆಯುವುದು ನನ್ನ ಕೆಲಸ. ಇದ್ದದ್ದು ಹಿಮಾಯತ್‌ನಗರದ ಕಾಕಾನ ಮನೆಯಲ್ಲಿ.

ಕಂಪನಿ ಆಸ್ಪತ್ರೆಗಳಿಗಾಗಿ ಒಂದು ಸಾಫ್ಟ್‌ವೇರ್ ಮಾಡಿತ್ತು. ರೋಗಿಯ ಹೆಸರು ಬರೆದುಕೊಂಡು, ಯಾವ ಡಾಕ್ಟರು, ಯಾವ ಹಾಸಿಗೆ ಎಂದು ಹೇಳುವಂಥದ್ದು. ಎಲ್ಲ ಸಿದ್ಧವಾಗಿತ್ತು, ಅದಕ್ಕೊಂದು ಹೆಸರು ಮಾತ್ರ ಇರಲಿಲ್ಲ. ಒಂದು ಬೆಳಿಗ್ಗೆ ಮಾಲೀಕರು ನನ್ನನ್ನು ಕರೆದರು. ಅವರು ತೆಲುಗಿನವರು, ಆದರೆ ಬಳ್ಳಾರಿಯಲ್ಲಿ ಓದಿದ್ದರಿಂದ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು.

"ಸಂಖ್ಯಾಶಾಸ್ತ್ರದೋರ ಹತ್ರ ಹೋಗಿದ್ದೆನಮ್ಮಾ. ಇಂಗ್ಲಿಷಿನಾಗ ಆರಕ್ಷರದ ಪದ ಬೇಕಂತ. ಅದರಾಗ ಜೆ ಇರಬೇಕು, ಎಕ್ಸ್ ಇರಬೇಕು."

"ನಾವೇ ಒಂದು ಕಟ್ಟಿದರಾಯಿತಲ್ಲ ಸರ್?"

"ಕಟ್ಟಿದ ಪದಕ್ಕ ಬಲ ಇರಂಗಿಲ್ಲಂತ. ಡಿಕ್ಷನರಿಯಾಗ ಇದ್ದದ್ದs ಆಗಬೇಕು."

"ಅರ್ಥ?"

"ಅರ್ಥದ ಬಗ್ಗೆ ಏನೂ ಹೇಳಲಿಲ್ಲ."

ನಮ್ಮಲ್ಲಿಯ ಒಬ್ಬ ಇಂಜಿನಿಯರ್ ಇದು ಎರಡು ನಿಮಿಷದ ಕೆಲಸ ಎಂದ. ಎರಡೇ ನಿಮಿಷದಲ್ಲಿ ಪ್ರೋಗ್ರಾಂ ಬರೆದೂ ಬಿಟ್ಟ. ಆದರೆ ಹುಡುಕಬೇಕಾದರೆ ಪದಗಳು ಕಂಪ್ಯೂಟರಿನೊಳಗೆ ಇರಬೇಕಲ್ಲ. ಇಂಟರ್‌ನೆಟ್ ಬರುತ್ತಿದ್ದದ್ದು ಆಫೀಸಿನ ಒಂದೇ ಒಂದು ಫೋನ್ ತಂತಿಯಲ್ಲಿ. ಯಾರಾದರೂ ಫೋನ್ ಎತ್ತಿದರೆ ಕಡಿದು ಹೋಗುತ್ತಿತ್ತು. ಹಾಗಾಗಿ ಮೂವರು ಇಂಜಿನಿಯರುಗಳು ಕೂತು ಡಿಕ್ಷನರಿಯನ್ನೇ ಟೈಪ್ ಮಾಡತೊಡಗಿದರು. ಮೂರನೆಯ ದಿನ ವಿಚಾರಿಸಿದರೆ ಇನ್ನೂ 'ಬಿ' ಮುಗಿದಿರಲಿಲ್ಲ. ಪದಗಳನ್ನು ದೊಡ್ಡಕ್ಷರದಲ್ಲಿ ಹಾಕಬೇಕೋ ಚಿಕ್ಕಕ್ಷರದಲ್ಲೋ ಎಂದು ಜಗಳ ನಡೆದಿತ್ತು.

ನಾನು ಸುಲ್ತಾನ್ ಬಜಾರಿನಲ್ಲಿ ಒಂದು ಹಳೆಯ ಡಿಕ್ಷನರಿ ಕೊಂಡು ಮನೆಗೆ ತಂದೆ. ನನ್ನ ಕಷ್ಟವೆಂದರೆ, ಕಣ್ಣು ಪದದ ಮೇಲೆ ನಿಲ್ಲುತ್ತಿರಲಿಲ್ಲ, ಅರ್ಥಕ್ಕೆ ಇಳಿಯುತ್ತಿತ್ತು. ಒಂದು ಪುಟಕ್ಕೆ ಅರ್ಧ ತಾಸು. ಕಾಕಾನ ಹೆಂಡತಿ ಕಾಕು ಇದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ನೀ ಓದಾಕತ್ತೀದಿ, ಹುಡುಕಾಕತ್ತಿಲ್ಲ. ತಾ ಇಲ್ಲಿ."

ಕಾಕು ಕನ್ನಡದಲ್ಲಿ ನಾಲ್ಕನೆಯ ಇಯತ್ತೆ ಓದಿದವಳು. ಇಂಗ್ಲಿಷ್ ಅಕ್ಷರಗಳನ್ನು ಅಂಗಡಿಯ ಬೋರ್ಡುಗಳಿಂದ ಕಲಿತಿದ್ದಳು; ಅರ್ಥ ಒಂದೂ ತಿಳಿಯುತ್ತಿರಲಿಲ್ಲ. ಅದೇ ಅನುಕೂಲವಾಯಿತು. ಅಕ್ಕಿಯಲ್ಲಿ ಹರಳು ಆರಿಸುವವರ ಹಾಗೆ ಬೆರಳು ಓಡಿಸುತ್ತ, ಮಧ್ಯಾಹ್ನಗಳಲ್ಲಿ ಒಂದೊಂದೇ ಅಕ್ಷರ ಮುಗಿಸುತ್ತ ಹೋದಳು. ಒಂದು ಸಂಜೆ ನಾನು ಬಂದ ಕೂಡಲೇ ಹೇಳಿದಳು:

"ಎರಡ ಸಿಕ್ಕಾವ ನೋಡು. ಒಂದು ನಾಕ ಅಕ್ಷರದ್ದು, ಸಾಲಂಗಿಲ್ಲ. ಇನ್ನೊಂದು ಒಂಬತ್ತು. ಮೂರು ತಗದಬಿಟ್ರ ನಡೀತೈತೇನು?"

ನಡೆಯುವುದಿಲ್ಲ ಎಂದೆ. ಆಕೆ ನಿಟ್ಟುಸಿರಿಟ್ಟು ಕೊನೆಯ ಪುಟದವರೆಗೂ ಹೋದಳು. ಮತ್ತೇನೂ ಸಿಗಲಿಲ್ಲ. ಆಮೇಲೆ ತಾನೇ ಮೊದಲಿನ ಪದಕ್ಕೆ ಹಿಂದಿರುಗಿ, ಅದರ ಪಕ್ಕದ ಸಣ್ಣಕ್ಷರಗಳ ಮೇಲೆ ಬೆರಳಿಟ್ಟಳು. "ಇಲ್ಲಿ ಬಾಲ ಹಚ್ಯಾರ. ಈಗ ಆರ ಆತು."

ಜೆ, ಐ, ಎನ್, ಎಕ್ಸ್, ಇ, ಡಿ. ಜಿಂಕ್ಸ್‌ಡ್. ಶನಿ ವಕ್ಕರಿಸಿಕೊಂಡದ್ದು ಎಂದು ಅರ್ಥ.

ಮರುದಿನ ಮಾಲೀಕರಿಗೆ ಪದವನ್ನೂ ಅರ್ಥವನ್ನೂ ಹೇಳಿದೆ. ಅವರು ಪದವನ್ನು ಕಾಗದದ ಮೇಲೆ ಬರೆದು ಅಕ್ಷರಗಳನ್ನು ಎರಡು ಸಲ ಎಣಿಸಿದರು. "ಭಾಳ ಚಲೋ ಆತಮ್ಮಾ," ಎಂದರು. ಆ ವಾರ ನಾನು 'ರೋಗಿಯನ್ನು ಜಿಂಕ್ಸ್‌ಡ್‌ಗೆ ಸೇರಿಸುವುದು ಹೇಗೆ' ಎಂಬ ಅಧ್ಯಾಯವನ್ನು ಇಂಗ್ಲಿಷಿನಲ್ಲಿ ಬರೆದೆ.

ಮೊದಲ ಗಿರಾಕಿ ಒಂದು ನರ್ಸಿಂಗ್ ಹೋಮ್. ಅದನ್ನು ನಡೆಸುತ್ತಿದ್ದ ವಯಸ್ಸಾದ ಡಾಕ್ಟರಮ್ಮ ಪರದೆಯ ಮುಂದೆ ಕೂತರು. 'ಜಿಂಕ್ಸ್‌ಡ್ ನಿಮ್ಮನ್ನು ಸ್ವಾಗತಿಸುತ್ತದೆ' ಎಂದು ಇಂಗ್ಲಿಷಿನಲ್ಲಿ ಮೂಡಿತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಕೆಮ್ಮು ಬರುವಷ್ಟು ನಕ್ಕರು. ಸಾಫ್ಟ್‌ವೇರ್ ಅವರಿಗೆ ಹಿಡಿಸಿತ್ತು. ಹೆಸರು ತೆಗೆದರೆ ತೆಗೆದುಕೊಳ್ಳುತ್ತೇನೆ ಎಂದರು. ಮಾಲೀಕರು ತೆಗೆಯಲು ಒಪ್ಪಲಿಲ್ಲ. ಕೊನೆಗೆ ನಮ್ಮ ಇಂಜಿನಿಯರುಗಳು ಬಿಳಿಯ ಪರದೆಯ ಮೇಲೆ ಹೆಸರನ್ನು ಬಿಳಿಯ ಅಕ್ಷರಗಳಲ್ಲಿ ಹಾಕಿದರು. ಮಾಲೀಕರು ಹೋಗಿ ಕೇಳಿ ಬಂದರು. ಹೆಸರು ಇದ್ದರೆ ಸಾಕು, ಕಾಣಬೇಕೆಂದೇನಿಲ್ಲ ಎಂದು ಸಂಖ್ಯಾಶಾಸ್ತ್ರದವರೂ ಒಪ್ಪಿದರಂತೆ.

ಆ ದಿನ ಮನೆಗೆ ಬಂದು ಇದನ್ನೆಲ್ಲ ನಗುತ್ತ ಹೇಳುತ್ತಿದ್ದಾಗ ಕಾಕು ಮೊದಲ ಸಲ ಕೇಳಿದಳು, "ಅಂದಂಗ ಅದರ ಅರ್ಥ ಏನವಾ?"

ಹೇಳಿದೆ.

"ಬ್ಯಾನಿ ಬಿದ್ದ ಮಂದಿ ಬರೂ ಜಾಗಾ ಅದು! ನನ್ನ ಕೈಲೆ ಅಂಥಾ ಪದಾ ಹುಡುಕಿಸಿದೇನ? ಮೊದಲs ಹೇಳಾಕ ನಿನಗೇನಾಗಿತ್ತು?"

ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಉಪ್ಪು, ಒಣಮೆಣಸಿನಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಜೊತೆ ಆಟೋ ಹತ್ತಿದಳು. ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಕೂತಿದ್ದ ತೆಲುಗು ಹೆಂಗಸಿಗೆ ಏನು ಹೇಳಬೇಕೆಂದು ನಾನು ತಡವರಿಸುತ್ತಿರುವಾಗಲೇ ಕಾಕು ಕಂಪ್ಯೂಟರಿನ ಮುಂದೆ ನಿಂತು ದೃಷ್ಟಿ ತೆಗೆಯತೊಡಗಿದ್ದಳು. ಮೂರು ಸಲ ಬಲಕ್ಕೆ, ಮೂರು ಸಲ ಎಡಕ್ಕೆ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೌಂಟರಿನ ಹೆಂಗಸು ಅದನ್ನು ಗಂಭೀರವಾಗಿ ನೋಡಿ, ತನ್ನ ಕುರ್ಚಿಯನ್ನು ಕಾಕುವಿನ ಕಡೆ ತಿರುಗಿಸಿದಳು.

"ನಾಕು ಕೂಡಾ ತೀಯಂಡಿ ಅಮ್ಮಾ."

ಕಾಕು ಅವಳಿಗೂ ತೆಗೆದಳು. ಅಷ್ಟರಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬರು ಕುಂಟುತ್ತ ಬಂದು ನಿಂತರು, ಅವರ ಹಿಂದೆ ಮಗು ಎತ್ತಿಕೊಂಡ ತಾಯಿ, ಅವಳ ಹಿಂದೆ ಇನ್ನಿಬ್ಬರು. ಡಾಕ್ಟರಮ್ಮ ಒಳಗಿನಿಂದ ಬಂದು ಸಾಲನ್ನು ನೋಡಿದರು. ಏನಿದು ಎಂದು ಕೇಳಲಿಲ್ಲ. ಉಪ್ಪು ಸಾಲುತ್ತದೆಯೇ, ಅಡುಗೆಯವಳಿಗೆ ಹೇಳಿ ತರಿಸಲೇ ಎಂದಷ್ಟೇ ಕೇಳಿದರು.